ಬೆಂಗಳೂರಿನಲ್ಲಿ ಮನೆಯನ್ನು ಬಾಡಿಗೆಗೆ ಬದಲು ಭೋಗ್ಯಕ್ಕೆ ಹಾಕಿಕೊಳ್ಳುವುದು ಲಾಭವೇ?

ಲೆಕ್ಕದಲ್ಲಿ ನೋಡಿದರೆ ಹೆಚ್ಚಿನ ಸಲ ಲಾಭವೇ. ಆದರೆ ದುಡ್ಡು ಸರಿಯಾಗಿ ವಾಪಸ್ ಬರಬೇಕು.

ಭೋಗ್ಯ ಅಂದರೆ, ಜನ ಲೀಸ್ ಅನ್ನುತ್ತಾರಲ್ಲ, ಅದೇ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತೀರಿ. ಮನೆ ಬಿಡುವಾಗ ಅಷ್ಟೂ ಹಣ ನಿಮಗೆ. 10 ಲಕ್ಷ ಕೊಟ್ಟಿರಿ ಎಂದುಕೊಳ್ಳಿ. ಅದನ್ನು ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ 70,000, ತಿಂಗಳಿಗೆ ಸುಮಾರು 5,800 ರೂಪಾಯಿ ಬರುತ್ತಿತ್ತು. ಅದೇ ಮನೆಯ ಬಾಡಿಗೆ 12,000 ಇದ್ದರೆ ನಿಮಗೆ ಉಳಿತಾಯ. ಸಾಲ ಮಾಡಿ ಭೋಗ್ಯಕ್ಕೆ ಹೋದರೆ ಮಾತ್ರ ಈ ಲೆಕ್ಕ ತಲೆಕೆಳಗಾಗಬಹುದು.

ಭಯ ಇರುವುದು ಬೇರೆ ಕಡೆ. ಎಷ್ಟೋ ಮಾಲೀಕರು ಆ ಹಣವನ್ನು ಮಗಳ ಮದುವೆಗೋ ಮೇಲಿನ ಮಹಡಿ ಕಟ್ಟಲೋ ಖರ್ಚು ಮಾಡಿರುತ್ತಾರೆ. ಮುಂದಿನವರು ಬಂದು ದುಡ್ಡು ಕೊಟ್ಟ ಮೇಲೆಯೇ ನಿಮಗೆ ಸಿಗುವುದು. ನಮ್ಮ ಅಕ್ಕ ಭಾವ ಹೀಗೆ ಎಂಟು ತಿಂಗಳು ಕಾದರು. ಆ ದಿನಗಳಲ್ಲಿ ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಮನೆ ಮೇಲೆ ಸಾಲವಿದ್ದು ಕಂತು ನಿಂತರಂತೂ ಬ್ಯಾಂಕೇ ಮನೆಯನ್ನು ವಶಕ್ಕೆ ಪಡೆಯಬಹುದು.

ಹಾಗಾಗಿ ಮೊದಲು ಇಸಿ, ಅಂದರೆ ಮನೆ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿ ನೋಡಿ. ಮೂಲ ಪತ್ರಗಳು ಎಲ್ಲಿವೆ ಎಂದು ಸಂಕೋಚವಿಲ್ಲದೆ ಕೇಳಿ. ಹಣವನ್ನು ಬ್ಯಾಂಕ್ ಮೂಲಕವೇ, ಮಾಲೀಕರ ಖಾತೆಗೇ ಹಾಕಿ. ನಡುವಿನವರ ಕೈಗೆ ಬೇಡ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಸುಮ್ನೆ ಸ್ಟಾಂಪ್ ಪೇಪರ್ ಮೇಲೆ ಬರೆದು ಸಹಿ ಹಾಕಿದರೆ ಸಾಲದು.