ಓದುಗರ ಪ್ರಶ್ನೆಗಳಿಗೆ ಉತ್ತರ: ಪತ್ರಕರ್ತ ತಾತಯ್ಯನವರ ನೆನಪು

ಪ್ರಶ್ನೆ: ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಮೈಸೂರಿನ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಕೇಳಿದವರೆಲ್ಲ ಅವರ ಅನಾಥಾಲಯವನ್ನೂ ಮೇಷ್ಟರಾಗಿ ಅವರಿಗಿದ್ದ ಹೆಸರನ್ನೂ ನೆನೆಯುತ್ತಾರೆ. ಪತ್ರಿಕೆಗಳ ಮಾತು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅವರನ್ನು ಪತ್ರಕರ್ತರೆಂದು ಕರೆಯುವುದು ಎಷ್ಟು ಸರಿ?

ಉತ್ತರ: ಸಂಪೂರ್ಣ ಸರಿ. ಅಷ್ಟೇ ಅಲ್ಲ, ಆ ಒಂದು ಸಾಲೇ ನಿಮ್ಮ ಲೇಖನದ ನಡುಮನೆಯಾಗಬೇಕು ಎಂಬುದು ನನ್ನ ಅಭಿಪ್ರಾಯ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ. ವೆಂಕಟಕೃಷ್ಣಯ್ಯನವರು ಹುಟ್ಟಿದ್ದು ಅದರ ಮರುವರ್ಷ. ಕನ್ನಡ ಪತ್ರಿಕೋದ್ಯಮವೂ ಅವರೂ ಹೆಚ್ಚುಕಡಿಮೆ ಒಟ್ಟಿಗೇ ಬೆಳೆದರು ಎನ್ನಬಹುದು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿ ದೀರ್ಘಕಾಲ ದುಡಿಯುತ್ತಲೇ ಅವರು ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮೊದಲಾದ ಪತ್ರಿಕೆಗಳನ್ನು ನಡೆಸಿದರು.

ಅಂದಿನ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗೆ ಏಕೆ ಅಷ್ಟು ಬೆಲೆಯಿತ್ತು ಎಂಬುದನ್ನು ಓದುಗರಿಗೆ ವಿವರಿಸಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಅದು ದಸರೆಯ ಸಮಯದಲ್ಲಿ ಸೇರುತ್ತಿತ್ತು. ಸದಸ್ಯರು ತಮ್ಮ ಸೀಮೆಯ ಕುಂದುಕೊರತೆಗಳನ್ನು ದಿವಾನರ ಮುಂದಿಡಬಹುದಾಗಿತ್ತೇ ಹೊರತು ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಆ ಸಭೆಯಲ್ಲಿ ತಾತಯ್ಯನವರೂ ಸದಸ್ಯರಾಗಿದ್ದರು. ಆದರೆ ಕೆರೆಯ ಏರಿ ಒಡೆಯುವುದಕ್ಕೆ, ಅಮಲ್ದಾರರು ಅನ್ಯಾಯ ಮಾಡುವುದಕ್ಕೆ ದಸರೆಯೇ ಬರಬೇಕೆಂದಿಲ್ಲವಲ್ಲ! ವರ್ಷದ ಉಳಿದ ದಿನಗಳಲ್ಲಿ ಪ್ರಜೆಗಳ ಅಹವಾಲು ಎಲ್ಲರಿಗೂ ಕೇಳಿಸುವಂತೆ ಮಾಡಲು ಪತ್ರಿಕೆಯಂಥ ಸಾಧನ ಇನ್ನೊಂದಿರಲಿಲ್ಲ. ಬಡ ಹುಡುಗನಿಗೆ ಊಟ, ವಸತಿ, ಓದಿನ ದಾರಿ ಮಾಡಿಕೊಟ್ಟ ಮನುಷ್ಯನೇ ಆಡಳಿತದ ತಪ್ಪನ್ನು ಅಚ್ಚಿನಲ್ಲಿ ಎತ್ತಿ ತೋರಿಸಿದ. ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಬರೆದರೆ ಅವರು ಅರ್ಧ ಮಾತ್ರ ಕಾಣುತ್ತಾರೆ.

ಮೈಸೂರಿನ ಹುದ್ದೆಗಳು ಮೈಸೂರಿನವರಿಗೇ ಸಿಗಬೇಕೆಂಬ ವಾದಕ್ಕೆ ಅವರು ಮುಂದಾಳಾಗಿದ್ದರು. ಮದರಾಸಿನಿಂದ ಬಂದ ಅಧಿಕಾರಿಗಳಿಗೇ ಆದ್ಯತೆ ದೊರೆಯುತ್ತಿದೆಯೆಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವನ್ನು ಟೀಕಿಸಿದರು. ಆ ಬೇಡಿಕೆಯ ಫಲ ಮೊದಲು ತಲುಪಿದ್ದು ಪಟ್ಟಣದ ಓದಿದ ವರ್ಗಕ್ಕೆ ಎಂಬುದನ್ನೂ ನೀವು ಮರೆಮಾಚದೆ ಬರೆಯಿರಿ. ಅದರಿಂದ ಅವರ ಗೌರವಕ್ಕೆ ಕುಂದು ಬರುವುದಿಲ್ಲ.

ಪ್ರಶ್ನೆ: 1908ರಲ್ಲಿ ಅವರು ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿದರೆಂದು ಓದಿದ್ದೇನೆ. ಜನರ ದನಿಯಾಗಿದ್ದ ಪತ್ರಿಕೆಯನ್ನು ಮುಚ್ಚಿದರೆ ನಷ್ಟವಾಗುವುದು ಜನರಿಗೇ ಅಲ್ಲವೇ?

ಉತ್ತರ: ನಷ್ಟ ಜನರಿಗೇ ಆಯಿತು, ನಿಜ. ಈ ಪ್ರಶ್ನೆಯನ್ನು ನಾನೂ ಬಹಳ ಸಲ ಕೇಳಿಕೊಂಡಿದ್ದೇನೆ. ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ ಬಂದ ಪತ್ರಿಕಾ ನಿಯಂತ್ರಣ ಕಾಯಿದೆಯು ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿಯನ್ನು ಕಡ್ಡಾಯ ಮಾಡಿತು. ಅನುಮತಿ ಕೊಡುವ ಕೈಗೆ ಅದನ್ನು ಹಿಂದಕ್ಕೆ ಪಡೆಯುವ ಬಲವೂ ಇರುತ್ತದೆ. ಅಂಥ ಸ್ಥಿತಿಯಲ್ಲಿ ಸಂಪಾದಕನ ಮುಂದೆ ಇದ್ದದ್ದು ಎರಡು ದಾರಿ: ಅರ್ಜಿ ಹಾಕಿ, ಬರೆಯುವ ಪ್ರತಿ ವಾಕ್ಯವನ್ನೂ ಅಧಿಕಾರಿಯ ಕಣ್ಣಿನಿಂದ ಒಮ್ಮೆ ಓದಿನೋಡಿ ಅಚ್ಚಿಗೆ ಕಳುಹಿಸುವುದು, ಇಲ್ಲವೇ ಅಚ್ಚನ್ನೇ ನಿಲ್ಲಿಸುವುದು. ತಾತಯ್ಯನವರು ಎರಡನೆಯದನ್ನು ಆರಿಸಿಕೊಂಡರು. ಆಗ ಅವರಿಗೆ ಅರವತ್ತು ದಾಟಿತ್ತು. ಅಷ್ಟು ವರ್ಷ ತಮ್ಮ ಕೈಯಾರೆ ಬೆಳೆಸಿದ್ದನ್ನು ತಾವೇ ನಿಲ್ಲಿಸುವುದು ಆ ವಯಸ್ಸಿನಲ್ಲಿ ಹಗುರವಾದ ನಿರ್ಧಾರವಾಗಿರಲಾರದು.

ಎಂದಿನಂತೆ ಹೊರಡುವ, ಆದರೆ ಒಳಗೇ ಅಂಜುವ ಪತ್ರಿಕೆ ಓದುಗನಿಗೆ ಎಲ್ಲ ಸರಿಯಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ನಿಂತುಹೋದ ಪತ್ರಿಕೆಯಾದರೋ ಏನೋ ಆಗಿದೆ ಎಂದು ಮನೆಮನೆಗೂ ಸಾರಿ ಹೇಳುತ್ತದೆ. ಅದಕ್ಕಾಗಿ ಅವರ ನಿರ್ಧಾರವನ್ನು ನಾನು ಸೋಲೆಂದು ಕರೆಯಲಾರೆ. ಮುಂದೆ ಅವರು ಮತ್ತೆ ಪತ್ರಿಕಾರಂಗಕ್ಕೆ ಮರಳಿದರು. ‘ಸಂಪದಭ್ಯುದಯ’ದೊಂದಿಗೆ ಅವರ ಹೆಸರು ಸೇರಿಕೊಂಡಿದೆ. ‘ಸಾಧ್ವಿ’ ಮುಂದೆ ಅಗರಂ ರಂಗಯ್ಯನವರ ಸಂಪಾದಕತ್ವದಲ್ಲಿ ಬೆಳೆಯಿತು. 1933ರಲ್ಲಿ ತಾತಯ್ಯನವರು ತೀರಿಕೊಂಡರು.

ಪ್ರಶ್ನೆ: ಇಷ್ಟೆಲ್ಲ ವಿಷಯ ಒಂದೇ ಲೇಖನದಲ್ಲಿ ಹಿಡಿಸುವುದಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: ಜನನ, ವಿದ್ಯಾಭ್ಯಾಸ, ಬಿರುದುಗಳಿಂದ ದಯವಿಟ್ಟು ಆರಂಭಿಸಬೇಡಿ. ಸ್ಮರಣ ಸಂಚಿಕೆಗಳಲ್ಲಿ ಎಲ್ಲ ಹಿರಿಯರೂ ಒಬ್ಬರಂತೆಯೇ ಕಾಣುವುದಕ್ಕೆ ಆ ಕ್ರಮವೇ ಕಾರಣ. ‘ದಯಾಮಯಿ’, ‘ಅಜಾತಶತ್ರು’ ಎಂಬಂಥ ಮಾತುಗಳನ್ನೂ ಬಿಟ್ಟುಬಿಡಿ. ಆಡಳಿತವನ್ನು ಎದುರುಹಾಕಿಕೊಂಡವರು ಅಜಾತಶತ್ರು ಹೇಗಾದಾರು? 1908ರ ಆ ನಿರ್ಧಾರದಿಂದ ಆರಂಭಿಸಿ, ಅಲ್ಲಿಂದ ಹಿಂದಕ್ಕೆ ಶಾಲೆಗೂ ಅನಾಥಾಲಯಕ್ಕೂ ಹೋಗಿ. ಹಳೆಯ ಗ್ರಂಥಾಲಯದಲ್ಲಿ ಅವರ ಪತ್ರಿಕೆಗಳ ಒಂದೆರಡು ಸಂಚಿಕೆಗಳಾದರೂ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೋಗಿ ಜೊತೆಯಲ್ಲಿ ಓದಿ, ಅದರಲ್ಲಿ ಕಾಣುವ ಯಾವುದಾದರೊಂದು ಊರಿನ ಅಹವಾಲನ್ನು ಅಕ್ಷರವೂ ಬದಲಿಸದೆ ಲೇಖನದ ಪಕ್ಕದಲ್ಲಿ ಅಚ್ಚು ಮಾಡಿಸಿ.