‘ಒಳ್ಳೆ ಹುಡುಗಿ’ ಅಂದರೆ ಸಾಲದು, ಮಾಸ್ತರೇ

(ಶಿರಸಿ ಹತ್ತಿರದ ನಿವೃತ್ತ ಹೈಸ್ಕೂಲು ಮಾಸ್ತರೊಬ್ಬರ ಪತ್ರ: ‘ನನ್ನ ಹಳೆ ವಿದ್ಯಾರ್ಥಿನಿ ಪುಣೆಯಲ್ಲಿ ಪಲ್ಸಾರ್ ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಯುವ ವಿಜ್ಞಾನಿ ಗೌರವಕ್ಕೆ ಅವಳ ಹೆಸರು ಸೂಚಿಸಬೇಕೆಂದಿದ್ದೇನೆ. ಶಿಫಾರಸು ಪತ್ರ ಜೊತೆಗಿದೆ. ತಿದ್ದಿ ಕೊಡುವಿರಾ?’)

ಮಾಸ್ತರೇ, ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ಸ್ವಲ್ಪ ಹೆದರಿಕೆಯಾಯಿತು. ‘ನಮ್ಮೂರ ಕೂಸು, ಸೌಮ್ಯ ಸ್ವಭಾವ, ಹಿರಿಯರೆಂದರೆ ಗೌರವ’ ಎನ್ನುವುದರಲ್ಲೇ ಒಂದು ಪುಟ ಮುಗಿದಿದೆ. ಮದುವೆ ಸಂಬಂಧಕ್ಕಾದರೆ ಇಷ್ಟು ಸಾಕು. (ಸಿಟ್ಟಾಗಬೇಡಿ.) ಸಮಿತಿಯವರು ಕೇಳುವುದು ಒಂದೇ: ಇವಳು ಮಾಡಿದ್ದೇನು?

ನೀವು ಅಡಿಕೆ ಮಾರಿದವರು. ‘ಒಳ್ಳೆ ಚಾಲಿ’ ಅಂತ ನೀವು ಎಷ್ಟೇ ಹೇಳಿದರೂ ವ್ಯಾಪಾರಿ ಒಂದನ್ನು ಒಡೆದೇ ನೋಡುತ್ತಾನೆ, ಅಲ್ವಾ?

ಪಲ್ಸಾರ್ ಅಂದರೆ ಗರಗರ ತಿರುಗುತ್ತ, ಗಡಿಯಾರದಷ್ಟು ಕರಾರುವಾಕ್ಕಾಗಿ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ. 2023ರ ಜೂನ್‌ನಲ್ಲಿ ಯುರೋಪಿನ ಮತ್ತು ಭಾರತದ ಪಲ್ಸಾರ್ ತಂಡಗಳು ಸೇರಿ, ತೀರಾ ನಿಧಾನವಾಗಿ ಏರಿಳಿಯುವ ಗುರುತ್ವದ ಅಲೆಗಳ ಸುಳಿವು ಸಿಕ್ಕಿದೆ ಎಂದು ಹೇಳಿದವು. ಇಂಥ ಅಲೆ ದಾಟುವಾಗ ಜಾಗವೇ ಚೂರು ಹಿಗ್ಗಿ ಕುಗ್ಗುತ್ತದೆ, ಮಿಡಿತ ಬರುವ ಹೊತ್ತು ಹಿಂದುಮುಂದಾಗುತ್ತದೆ. ನಮ್ಮ ಪಾಲಿನ ಅಳತೆ ಬಂದದ್ದು ಪುಣೆಯ ಉತ್ತರಕ್ಕಿರುವ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದಿಂದ. 45 ಮೀಟರ್ ಅಗಲದ 30 ಡಿಶ್‌ಗಳು ಅಲ್ಲಿವೆ. ಪಲ್ಸಾರ್‌ನ ಮಿಡಿತ ನಮ್ಮನ್ನು ತಲುಪುವ ದಾರಿಯಲ್ಲಿ ಎಲೆಕ್ಟ್ರಾನ್‌ಗಳು ಹರಡಿಕೊಂಡಿರುತ್ತವೆ. ಅವುಗಳಿಂದಾಗಿ ಕಡಿಮೆ ಕಂಪನಾಂಕದ ಅಲೆ ಜಾಸ್ತಿ ತಡವಾಗಿ ಬರುತ್ತದೆ. ಆ ತಡವನ್ನು ಅಳೆದು ಕಳೆಯದಿದ್ದರೆ ಮೈಕ್ರೋಸೆಕೆಂಡಿನ ಲೆಕ್ಕವೆಲ್ಲ ಹಾಳು. ನಿಮ್ಮ ಶಿಷ್ಯೆ ಮಾಡುತ್ತಿರುವುದು ಈ ಅಳತೆಯನ್ನೇ ಎಂದು ಬರೆದಿದ್ದೀರಿ. ಅದೂ ಒಂದೇ ಸಾಲು, ಕೊನೆಯಲ್ಲಿ! ಇಂಥ ಪ್ರಬಂಧದ ಮೇಲೆ ಹತ್ತಾರು ಹೆಸರುಗಳಿರುತ್ತವೆ. ಅದರಲ್ಲಿ ಅವಳ ಪಾಲು ಯಾವುದು? ಪತ್ರ ಶುರುವಾಗಬೇಕಾದ್ದೇ ಅಲ್ಲಿಂದ.

ಪಲ್ಸಾರ್ ಅಂದಮೇಲೆ ಜೋಸೆಲಿನ್ ಬೆಲ್ ನೆನಪಾಗದೆ ಇರುತ್ತಾರೆಯೇ? 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ದಿನಕ್ಕೆ ಸುಮಾರು ನೂರು ಅಡಿ ಕಾಗದದ ಸುರುಳಿಯನ್ನು ಕಣ್ಣಲ್ಲೇ ನೋಡುತ್ತಿದ್ದರು. ಅದರಲ್ಲೊಂದು ಪುಟ್ಟ ಗೀಚು ಅವರಿಗೆ ಯಾಕೋ ಸರಿ ಕಾಣಲಿಲ್ಲ. ಬೆನ್ನು ಹತ್ತಿದರು. ಸುಮಾರು 1.33 ಸೆಕೆಂಡಿಗೊಂದು ಮಿಡಿತ, ಅದೇ ಮೊದಲ ಪಲ್ಸಾರ್. 1974ರ ನೊಬೆಲ್ ಸಿಕ್ಕಿದ್ದು ಗೈಡ್ ಆಂಟನಿ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ. 2018ರಲ್ಲಿ ಬೇರೊಂದು ಬಹುಮಾನವಾಗಿ 30 ಲಕ್ಷ ಡಾಲರ್ ಬಂದಾಗ ಬೆಲ್ ಅಷ್ಟನ್ನೂ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು. ಅವರದ್ದು ದೊಡ್ಡ ಮನಸ್ಸು. ನನಗೆ ಮಾತ್ರ ಆ ನೊಬೆಲ್ ಬಗ್ಗೆ ಇನ್ನೂ ಸಿಟ್ಟಿದೆ.

ಹಾಗಾಗಿ ಶಿಫಾರಸು ಪತ್ರವನ್ನು ನೀವೂ ಬರೆಯುವುದು ಬೇಡ, ನಾನೂ ತಿದ್ದುವುದು ಬೇಡ. ಅವಳ ಗೈಡ್ ಬರೆಯಲಿ. ಅವಳ ಅಳತೆಯನ್ನು ಬಳಸಿದ ಹೊರಗಿನ ವಿಜ್ಞಾನಿ ಸಿಕ್ಕರೆ ಇನ್ನೂ ಒಳ್ಳೆಯದು. ವಿಜ್ಞಾನ ಅಕಾಡೆಮಿಗಳ ಗೌರವಕ್ಕೆ ಸಾಮಾನ್ಯವಾಗಿ ಅಲ್ಲಿನ ಫೆಲೋಗಳೇ (ಅಂದರೆ ಆಯ್ಕೆಯಾದ ಸದಸ್ಯರೇ) ಹೆಸರು ಸೂಚಿಸಬೇಕು. ಕೇಂದ್ರದ ‘ವಿಜ್ಞಾನ ಯುವ’ ಪುರಸ್ಕಾರಕ್ಕೆ 45 ವರ್ಷದೊಳಗಿನವರು ತಾವೇ ಅರ್ಜಿ ಹಾಕಬಹುದು. ನಮ್ಮ ಕಡೆಯ ಹುಡುಗಿ, ‘ನಾನೇ ಹೇಗೆ ಕೇಳಲಿ’ ಅಂತ ಸುಮ್ನೆ ಕೂರಬಹುದು. ನೀವು ಫೋನ್ ಮಾಡಿ ಗದರಿಸಿ.

ಇನ್ನೊಂದು ಮಾತು. 2010ರ ಜನವರಿ 15ರ ಗ್ರಹಣದ ಬಗ್ಗೆ ಬರೆದಿದ್ದೀರಲ್ಲ, ಎಲೆಗಳ ಸಂದಿಯಿಂದ ಶಾಲೆ ಅಂಗಳಕ್ಕೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕತ್ತಿಯ ಹಾಗೆ ಬಾಗಿದ್ದವು ಅಂತ. ಎಂಟನೇ ಕ್ಲಾಸಿನ ಅವಳು ‘ಎಲೆ ಸಂದಿ ಹಾಗಿಲ್ಲವಲ್ಲ ಸರ್’ ಅಂದಳು ಅಂತ. (ಆ ಚುಕ್ಕೆಗಳು ಗ್ರಹಣ ಹಿಡಿದ ಸೂರ್ಯನ ಬಿಂಬಗಳೇ.) ಸಮಿತಿಗೆ ಅದು ಬೇಡ, ನಮಗೆ ಬೇಕು. ಎರಡು ಪುಟ ಬರೆದು ಕಳಿಸಿ. ಹೆಸರು ಹಾಕಬಹುದೋ ಇಲ್ಲವೋ, ಅವಳನ್ನು ಕೇಳಿ.