ಗೊಬ್ಬರ ತಿಂದ ಗಿಡಕ್ಕೂ ತುಕ್ಕು ಹಿಡಿಯುವುದು ಯಾಕೆ?

ಓದುಗರ ಪತ್ರ

"ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಅರೇಬಿಕಾ ಕಾಫಿ ತೋಟ. ಹಳೆ ಗಿಡಗಳೆಲ್ಲ ಎಸ್.795 ತಳಿ. ಸತ್ತ ಗಿಡಗಳ ಜಾಗದಲ್ಲಿ ಚಂದ್ರಗಿರಿ ತಳಿ ಹಾಕಿದ್ದೇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಳೆ ಗಿಡಗಳು ತುಕ್ಕು ರೋಗ ಹಿಡಿದು ಎಲೆ ಉದುರಿಸಿದವು. ಪಕ್ಕದಲ್ಲೇ ಇರುವ ಚಂದ್ರಗಿರಿಗೆ ಅಂಥದ್ದೇನೂ ಆಗಲಿಲ್ಲ. ಗೊಬ್ಬರ ಎರಡಕ್ಕೂ ಒಂದೇ. ಶಕ್ತಿ ಇರುವ ಗಿಡಕ್ಕೆ ರೋಗ ಬರುವುದಿಲ್ಲ ಅಂತಾರಲ್ಲ, ಅದು ಸುಳ್ಳೇ? ಕೆಳಗಿನ ತೋಟದವರು ತಮ್ಮ ಕಾಫಿಗೂ ಕರಿಮೆಣಸಿಗೂ ನಮ್ಮಿಂದಲೇ ರೋಗ ಬಂತು ಅನ್ನುತ್ತಿದ್ದಾರೆ. ಒಂಬತ್ತನೇ ಕ್ಲಾಸಿನ ಮೊಮ್ಮಗಳು, ಗಿಡಕ್ಕೆ ಯಾಕೆ ಲಸಿಕೆ ಹಾಕೋದಿಲ್ಲ ಅಂತ ಕೇಳುತ್ತಾಳೆ. ಹಳೆ ಗಿಡಗಳನ್ನು ಕಿತ್ತು ಹಾಕಿಬಿಡಲೇ? ವಿವರವಾಗಿ ಬರೆಯಿರಿ."

ಸಂಪಾದಕರ ಉತ್ತರ

ಅಮ್ಮಾ, ನಮಸ್ಕಾರ.

ನಿಮ್ಮ ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳ ಉತ್ತರವೂ ಅದರಲ್ಲೇ ಇದೆ. ರೋಗ ತಡೆಯಬೇಕಾದರೆ ಗಿಡವಾಗಲಿ, ದನವಾಗಲಿ, ಮನುಷ್ಯರಾಗಲಿ ಒಳಗೆ ಬಂದವನು ಯಾರು ಅಂತ ಮೊದಲು ಗುರುತು ಹಿಡಿಯಬೇಕು. ಶಕ್ತಿ ಆಮೇಲಿನ ಮಾತು. ತೋಟದ ನಾಯಿಗೆ ಎಷ್ಟೇ ಅನ್ನ ಹಾಕಿದರೂ, ಬಂದವನು ಕಳ್ಳ ಅಂತ ಗೊತ್ತಾಗದಿದ್ದರೆ ಅದು ಬೊಗಳುವುದಿಲ್ಲ. ನಿಮ್ಮ ಎಸ್.795 ಗಿಡಗಳಿಗೆ ಆಗಿರುವುದೂ ಅದೇ.

ತುಕ್ಕು ಹಿಡಿದ ಒಂದು ಎಲೆಯನ್ನು ಮಗುಚಿ ಬೆರಳಿನಿಂದ ಸವರಿ. ಬೆರಳಿಗೆ ಕಿತ್ತಳೆ ಬಣ್ಣದ ಹುಡಿ ಅಂಟುತ್ತದೆ. ಅದರ ಒಂದೊಂದು ಕಣವೂ ತುಕ್ಕು ರೋಗ ತರುವ ಶಿಲೀಂಧ್ರದ ಬೀಜಕಣ. ಒಂದೇ ಒಂದು ಕಲೆಯಿಂದ ತಿಂಗಳುಗಟ್ಟಲೆ ಇಂಥ ಕಣಗಳು ಲಕ್ಷದ ಲೆಕ್ಕದಲ್ಲಿ ಉದುರುತ್ತಲೇ ಇರುತ್ತವೆ. ಗಾಳಿಗೆ ಹಾರುತ್ತವೆ, ಮಳೆಹನಿಯ ಜೊತೆ ಎಲೆಯಿಂದ ಎಲೆಗೆ ಸಿಡಿಯುತ್ತವೆ, ಕೆಲಸದವರ ಬಟ್ಟೆಗೂ ಹತ್ತುತ್ತವೆ. ಕಣ ಮೊಳೆಯಬೇಕಾದರೆ ಎಲೆ ಕೆಲವು ಗಂಟೆಯಾದರೂ ಒದ್ದೆಯಾಗಿರಬೇಕು. ನಮ್ಮ ಮಳೆಗಾಲದಲ್ಲಿ ಅದಕ್ಕೇನು ಬರ? ಮೊಳೆತ ದಾರದಂಥ ಎಳೆ ಎಲೆಯ ಕೆಳಮೈಯಲ್ಲಿ ತೆವಳುತ್ತಾ ಹೋಗಿ, ಎಲೆ ಉಸಿರಾಡುವ ಸಣ್ಣ ರಂಧ್ರ ಸಿಕ್ಕ ಕೂಡಲೇ ಒಳಗೆ ಇಳಿಯುತ್ತದೆ. ಕಾಫಿ ಎಲೆಯಲ್ಲಿ ಈ ರಂಧ್ರಗಳಿರುವುದು ಕೆಳಗಡೆ. ಕಿತ್ತಳೆ ಹುಡಿ ಯಾವಾಗಲೂ ಎಲೆಯ ಅಡಿಯಲ್ಲೇ ಕಾಣುವುದು ಅದಕ್ಕೇ.

ಒಳಗೆ ಹೋದ ತುಕ್ಕು ಜೀವಕೋಶವನ್ನು ಕೊಲ್ಲುವುದಿಲ್ಲ. ಅದಕ್ಕೆ ಬೇಕಾದದ್ದು ಬದುಕಿರುವ ಕೋಶ. ಅದರೊಳಗೆ ಸಣ್ಣ ಬೆರಳು ಚಾಚಿ ಆಹಾರ ಹೀರುತ್ತಾ, ಮೂರು ನಾಲ್ಕು ವಾರ ಹೊರಗೆ ಏನೂ ಕಾಣದ ಹಾಗೆ ಕೂತಿರುತ್ತದೆ. ನೀವು ಕಲೆ ನೋಡುವ ಹೊತ್ತಿಗೆ ಅದರ ಅರ್ಧ ಕೆಲಸ ಮುಗಿದಿರುತ್ತದೆ.

ಈಗ ಚಂದ್ರಗಿರಿಯ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ಕೆಲವು ಎಲೆಗಳಲ್ಲಿ ಸೂಜಿಮೊನೆಯಷ್ಟು ಮಸುಕು ಚುಕ್ಕೆಗಳು ಕಾಣಬಹುದು. ತುಕ್ಕಿನ ಕಣ ಅಲ್ಲಿಗೂ ಬಂದಿತ್ತು, ಒಳಗೂ ಇಳಿದಿತ್ತು. ಆದರೆ ಅಲ್ಲಿನ ಕೋಶಗಳಿಗೆ ಅದರ ಗುರುತು ಸಿಕ್ಕಿತು. ಗುರುತು ಸಿಕ್ಕ ಕೂಡಲೇ ಆ ಕೋಶಗಳು ತಾವೇ ಸತ್ತವು. ತುಕ್ಕಿಗೆ ಬದುಕಿರುವ ಕೋಶ ಬೇಕು ಅಂದೆನಲ್ಲ, ಸುತ್ತಲೂ ಸತ್ತ ಕೋಶ ಇದ್ದರೆ ಅದು ಹಸಿದು ಸಾಯುತ್ತದೆ. ಇಡೀ ಎಲೆ ಉಳಿಯಲಿ ಅಂತ ಬೆರಳೆಣಿಕೆಯಷ್ಟು ಕೋಶಗಳು ಪ್ರಾಣ ಕೊಟ್ಟಿವೆ. ಗಿಡಗಳ ರಕ್ಷಣೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂಗತಿ ಕಂಡಿಲ್ಲ.

ಈ ಗುರುತು ಗಿಡಕ್ಕೆ ಹುಟ್ಟಿನಿಂದ ಬರುತ್ತದೆ. ಗಿಡದಲ್ಲಿ ಒಂದು ವಂಶವಾಹಿ, ರೋಗಾಣುವಿನಲ್ಲಿ ಅದಕ್ಕೆ ಸರಿಯಾಗಿ ಇನ್ನೊಂದು. ಎರಡೂ ಹೊಂದಿದರೆ ಗಿಡ ಎಚ್ಚರವಾಗುತ್ತದೆ. ಅಮೆರಿಕದ ಸಸ್ಯರೋಗ ವಿಜ್ಞಾನಿ ಹೆರಾಲ್ಡ್ ಫ್ಲೋರ್ ಅಗಸೆ ಗಿಡದ ತುಕ್ಕಿನ ಮೇಲೆ ಕೆಲಸ ಮಾಡಿ 1940ರ ದಶಕದಲ್ಲಿ ಇದನ್ನು ತೋರಿಸಿದರು. ಚಂದ್ರಗಿರಿಗೆ ಈ ಗುರುತು ಬಂದಿರುವುದು ತಿಮೋರ್ ದ್ವೀಪದಲ್ಲಿ ಅರೇಬಿಕಾಗೂ ರೋಬಸ್ಟಾಗೂ ತಾನಾಗಿಯೇ ಆದ ಒಂದು ಮಿಶ್ರತಳಿಯಿಂದ. ಎಸ್.795ಕ್ಕೂ ಹಿಂದೆ ಇಂಥ ಗುರುತು ಇತ್ತು. ಅದು ಬಂದದ್ದು ಲೈಬೀರಿಕಾ ಕಾಫಿಯ ಕಡೆಯಿಂದ. 1940ರ ದಶಕದಲ್ಲಿ ಆ ತಳಿ ಬಂದಾಗ ಬೆಳೆಗಾರರು ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದರು.

ಹಾಗಾದರೆ ಈಗೇನಾಯಿತು? ತುಕ್ಕು ವೇಷ ಬದಲಿಸಿತು. ಇದು ಹೊಸ ಕಥೆಯಲ್ಲ. 1911ರ ಸುಮಾರಿಗೆ ಚಿಕ್ಕಮಗಳೂರು ಕಡೆಯ ಕೆಂಟ್ ಎಂಬ ಪ್ಲಾಂಟರ್ ತನ್ನ ತೋಟದಲ್ಲಿ ತುಕ್ಕು ತಡೆಯುವ ಗಿಡವೊಂದನ್ನು ಆರಿಸಿದ. ಅದೇ ಕೆಂಟ್ಸ್ ತಳಿ. ಕೆಲವು ವರ್ಷ ಚೆನ್ನಾಗಿತ್ತು, ಆಮೇಲೆ ಅದಕ್ಕೂ ತುಕ್ಕು ಹಿಡಿಯಿತು. 1930ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿದ್ದ ವಿಲ್ಸನ್ ಮೇನ್, ತುಕ್ಕಿನಲ್ಲೇ ಬೇರೆ ಬೇರೆ ಬಗೆಗಳಿವೆ ಎಂದು ಕಂಡುಹಿಡಿದರು. ಒಂದು ಬಗೆ ಕೆಂಟ್ಸ್ ಮೇಲೆ ಬೆಳೆಯುವುದಿಲ್ಲ, ಇನ್ನೊಂದು ಬೆಳೆಯುತ್ತದೆ. ಕಾಫಿ ತುಕ್ಕಿನಲ್ಲಿ ಬೇರೆ ಬಗೆಗಳಿವೆ ಅಂತ ಪ್ರಪಂಚಕ್ಕೆ ಮೊದಲು ತಿಳಿಸಿದ್ದು ನಮ್ಮ ಮಲೆನಾಡಿನ ಒಂದು ಕೇಂದ್ರ. ಇವತ್ತು 50ಕ್ಕೂ ಹೆಚ್ಚು ಬಗೆಗಳು ಗೊತ್ತಿವೆ. ಫ್ಲೂ ಜ್ವರ ಒಮ್ಮೆ ಬಂದು ಹೋದವರಿಗೂ ಮತ್ತೆ ಬರುವುದು ಇದೇ ಕಾರಣಕ್ಕೆ. ಆ ವೈರಸ್ಸೂ ಹೊರಮೈ ಬದಲಿಸುತ್ತಾ ಹೋಗುತ್ತದೆ. ದಡಾರದ ವೈರಸ್ ಹಾಗೆ ಬದಲಾಗುವುದಿಲ್ಲ. ಆದ್ದರಿಂದ ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಮತ್ತೆ ಬರುವುದಿಲ್ಲ.

ಹಾಗಂತ ಗೊಬ್ಬರ ದಂಡ ಅಂತಲ್ಲ. ಫಸಲು ಜಾಸ್ತಿ ಹೊತ್ತ ಗಿಡ ತುಕ್ಕಿಗೆ ಬೇಗ ಸೋಲುತ್ತದೆ. ಎಲೆ ಉದುರಿದ ಮೇಲೆ ಮತ್ತೆ ಚಿಗುರಬೇಕಾದರೆ ಗಿಡದ ಮೈಯಲ್ಲಿ ಕಸುವು ಬೇಕು. ಗೊಬ್ಬರ ಅಲ್ಲಿ ಕೆಲಸಕ್ಕೆ ಬರುತ್ತದೆ. ಗುರುತು ಮಾತ್ರ ಚೀಲದಲ್ಲಿ ಸಿಗುವುದಿಲ್ಲ.

ಇನ್ನು ಕೆಳಗಿನ ತೋಟದವರ ಮಾತು. ಇದಕ್ಕೆ ಎರಡು ಉತ್ತರ ಕೊಡಬೇಕಾಗುತ್ತದೆ, ಯಾಕೆಂದರೆ ಪ್ರತಿ ರೋಗಕ್ಕೂ ಅದರದೇ ದಾರಿ ಇದೆ.

ತುಕ್ಕಿನ ವಿಷಯದಲ್ಲಿ ನಿಮ್ಮ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. 1869ರಲ್ಲಿ ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿ, ಆ ದೇಶ ಚಹಾ ಬೆಳೆಯುವ ಹಾಗೆ ಮಾಡಿತು. 1970ರಲ್ಲಿ ಬ್ರೆಜಿಲಿನಲ್ಲೂ ಕಾಣಿಸಿತು. ಸಮುದ್ರದ ಆಚೆಗೂ ತಲುಪಿದ ರೋಗಕ್ಕೆ ಬೇಲಿ ಯಾವ ಲೆಕ್ಕ? ಗಾಳಿಯಲ್ಲಿ ಬರುವ ಕಣ ಯಾರ ತೋಟದ್ದು ಅಂತ ಯಾರೂ ಹೇಳಲಾರರು.

ಕರಿಮೆಣಸಿನ ವಿಷಯ ಹಾಗಲ್ಲ. ಬಳ್ಳಿ ವಾರಗಳಲ್ಲೇ ಬಾಡಿ, ಎಲೆ ಕಪ್ಪಾಗಿ, ಗಿಣ್ಣುಗಳು ಕಳಚಿ ಬಿದ್ದಿದ್ದರೆ ಅದು ಶೀಘ್ರ ಸೊರಗು ರೋಗ. ಫೈಟಾಫ್ತೊರಾ ಎಂಬ ರೋಗಾಣು ಅದಕ್ಕೆ ಕಾರಣ. ಅದರ ಕಣಗಳಿಗೆ ಎರಡು ಬಾಲ ಇರುತ್ತವೆ. ನೀರಿನಲ್ಲಿ ಅವು ಈಜುತ್ತವೆ. ಮಣ್ಣಿನ ಮೇಲೆ ತೆಳ್ಳಗೆ ನೀರು ನಿಂತರೂ ಸಾಕು, ಬೇರಿನ ವಾಸನೆ ಹಿಡಿದು ಹೋಗುತ್ತವೆ. ಇಳಿಜಾರಿನಲ್ಲಿ ಮೇಲಿನ ತೋಟದ ನೀರು ಕೆಳಗಿನ ತೋಟಕ್ಕೆ ಹರಿದರೆ ರೋಗವೂ ಹರಿಯುತ್ತದೆ. ನಿಮ್ಮ ತೋಟ ಮೇಲಿದೆ, ಅವರದು ಕೆಳಗಿದೆ. ನಿಮ್ಮಲ್ಲಿ ಸೊರಗಿದ ಬಳ್ಳಿ ಇದ್ದರೆ ಅವರ ಮಾತಿನಲ್ಲಿ ಹುರುಳಿದೆ, ಅಮ್ಮಾ. ಜಗಳ ಮಾಡುವ ಬದಲು ಇಬ್ಬರೂ ಸೇರಿ ಮಳೆಗೆ ಮೊದಲು ಚರಂಡಿ ಬಿಡಿಸಿ. ಸತ್ತ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡಿ. ನೆಲದ ಮೇಲೆ ಹಬ್ಬಿದ ಎಳೆ ಬಳ್ಳಿಗಳನ್ನು ಕತ್ತರಿಸಿ ಅಥವಾ ಮರಕ್ಕೆ ಎತ್ತಿ ಕಟ್ಟಿ, ಮಣ್ಣಿನ ನೀರು ಮೊದಲು ಸಿಡಿಯುವುದು ಅವುಗಳಿಗೇ. ಮಳೆಗಾಲದಲ್ಲಿ ಬುಡ ಅಗೆಯಬೇಡಿ, ಬೇರಿಗೆ ಗಾಯವಾಗುತ್ತದೆ.

ಏಲಕ್ಕಿಯ ಕಟ್ಟೆ ರೋಗದ ದಾರಿ ಇನ್ನೂ ಬೇರೆ. ಅದು ವೈರಸ್. ಒಂದು ಬುಡದಿಂದ ಇನ್ನೊಂದಕ್ಕೆ ಅದನ್ನು ಹೊತ್ತೊಯ್ಯುವುದು ಸಣ್ಣ ಗಿಡಹೇನು. ಎಲೆಗೆ ಏನು ಸಿಂಪಡಿಸಿದರೂ ಒಳಗಿರುವ ವೈರಸ್ ಹೋಗುವುದಿಲ್ಲ. ರೋಗದ ಬುಡ ಕಿತ್ತು ನಾಶ ಮಾಡುವುದೊಂದೇ ಉಪಾಯ.

ಗುರುತು ಹಿಡಿಯುವ ಕೆಲಸ ದೇಹದ ಒಳಗೇ ಆಗಬೇಕು ಅಂತೇನಿಲ್ಲ. ಇದಕ್ಕೆ ಕೊಡಗಿನವರಿಗೆ ಜೇನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿಯಿತು. ಕೊಡಗಿನ ಜೇನುಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಕೊಡಗಿನ ಜೇನು ಅಂದರೆ ಊರೂರಿಗೆ ಹೆಸರು. ಆ ಹೆಸರಿನ ಬೆನ್ನೆಲುಬೇ ಮುರಿದ ಕಾಲ ಅದು. ರೋಗ ಹಿಡಿದ ಮರಿ ಕೋಶಾವಸ್ಥೆಗೆ ಹೋಗುವುದೇ ಇಲ್ಲ. ಗೂಡಿನ ಕಣ್ಣಿನಲ್ಲಿ ತಲೆ ಮೇಲೆ ಮಾಡಿ ಹಾಗೆಯೇ ಸಾಯುತ್ತದೆ. ಚಿಮಟದಿಂದ ಮೆಲ್ಲಗೆ ಎತ್ತಿದರೆ ನೀರು ತುಂಬಿದ ಸಣ್ಣ ಚೀಲ ಮೇಲೆ ಬರುತ್ತದೆ. ಆ ನೀರಿನ ತುಂಬ ವೈರಸ್. ಸತ್ತ ಮರಿಯನ್ನು ಶುಚಿ ಮಾಡಲು ಹೋದ ದಾದಿ ನೊಣ ಅದನ್ನು ಮೈಗೆ ಹತ್ತಿಸಿಕೊಂಡು ಮುಂದಿನ ಮರಿಗೆ ಉಣಿಸುತ್ತದೆ. ನಾವೂ ಒಂದು ಪೆಟ್ಟಿಗೆಯ ಎರಿ ಇನ್ನೊಂದಕ್ಕೆ ಹಾಕಿ, ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸಿ ರೋಗಕ್ಕೆ ಗಾಡಿ ಕಟ್ಟಿಕೊಡುತ್ತೇವೆ.

ಆದರೆ ಕೆಲವು ಜೇನು ಕುಟುಂಬಗಳ ನೊಣಗಳಿಗೆ ಕಾಯಿಲೆ ಮರಿಯ ವಾಸನೆ ಬೇಗ ಸಿಗುತ್ತದೆ. ಮುಚ್ಚಳ ಕೊರೆದು, ರೋಗ ಬಲಿಯುವ ಮೊದಲೇ ಮರಿಯನ್ನು ಗೂಡಿನ ಆಚೆ ಎಸೆಯುತ್ತವೆ. ಒಂಟಿ ನೊಣದ ಮೈಗೆ ಆಗದ್ದನ್ನು ಇಡೀ ಕುಟುಂಬ ಸೇರಿ ಮಾಡುತ್ತದೆ. ಜೇನು ಸಾಕುವವರು ಜೇನು ಜಾಸ್ತಿ ಕೊಡುವ ಕುಟುಂಬವನ್ನು ಮಾತ್ರ ನೋಡದೆ, ಶುಚಿ ಜಾಸ್ತಿ ಇರುವ ಕುಟುಂಬವನ್ನು ಆರಿಸಿ ಪಾಲು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಎಂಥ ಒಳ್ಳೆಯ ಪ್ರಶ್ನೆ! ಲಸಿಕೆ ಕೆಲಸ ಮಾಡುವುದು ನೆನಪಿನಿಂದ. ನಮ್ಮ ರಕ್ತದಲ್ಲಿ ಓಡಾಡುವ ಕೆಲವು ಕೋಶಗಳು ಒಮ್ಮೆ ಕಂಡ ರೋಗಾಣುವನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಲಸಿಕೆ ಅಂದರೆ ರೋಗ ಕೊಡದೆ ಆ ಪರಿಚಯ ಮಾಡಿಸುವುದು. ಹೀಗೆಯೇ ಸಿಡುಬನ್ನು ಭೂಮಿಯಿಂದ ಓಡಿಸಿದೆವು, 1980ರಲ್ಲಿ ಅದರ ಘೋಷಣೆ ಆಯಿತು. ದನಗಳ ದೊಡ್ಡರೋಗವೂ 2011ರಲ್ಲಿ ಮುಗಿಯಿತು. ಗಿಡಕ್ಕೆ ರಕ್ತ ಇಲ್ಲ, ಓಡಾಡುವ ಕೋಶಗಳೂ ಇಲ್ಲ. ಅಲ್ಲಿ ಪ್ರತಿ ಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಆದರೂ ಗಿಡ ಪೂರ್ತಿ ಮರೆಗುಳಿಯಲ್ಲ. ಒಂದು ಎಲೆಗೆ ರೋಗ ತಗುಲಿದರೆ ಸ್ಯಾಲಿಸಿಲಿಕ್ ಆಮ್ಲದ ನೆರವಿನಿಂದ ಉಳಿದ ಎಲೆಗಳೂ ಕೆಲವು ದಿನ, ಕೆಲವು ವಾರ ಎಚ್ಚರವಾಗಿರುತ್ತವೆ. ಲಸಿಕೆಗೆ ಹತ್ತಿರದ ಒಂದು ಉಪಾಯವೂ ಇದೆ. ಬ್ರೆಜಿಲಿನಲ್ಲಿ ಕಿತ್ತಳೆ ಜಾತಿಯ ಗಿಡಗಳನ್ನು ಟ್ರಿಸ್ಟೆಜಾ ಎಂಬ ವೈರಸ್ ಸಾಯಿಸುತ್ತಿದ್ದಾಗ, ಅದೇ ವೈರಸ್ಸಿನ ಸೌಮ್ಯ ಬಗೆಯೊಂದನ್ನು ಸಸಿಗಳಿಗೆ ಮೊದಲೇ ಹತ್ತಿಸಿದರು. ಸೌಮ್ಯವಾದದ್ದು ಒಳಗಿದ್ದರೆ ಉಗ್ರವಾದದ್ದಕ್ಕೆ ಜಾಗ ಸಿಗುವುದಿಲ್ಲ. ನಮ್ಮ ಕೊಡಗಿನ ಕಿತ್ತಳೆಯನ್ನು ಸೊರಗಿಸಿದ ರೋಗಗಳಲ್ಲಿ ಟ್ರಿಸ್ಟೆಜಾ ಕೂಡ ಒಂದು.

ಮೊಮ್ಮಗಳಿಗೆ ಇನ್ನೊಂದು ವಿಷಯ ಹೇಳಿ. ಬ್ಯಾಕ್ಟೀರಿಯಾಕ್ಕೂ ವೈರಸ್ ಕಾಟ ಇದೆ. ಕೆಲವು ಬಗೆಗಳಲ್ಲಿ ದಾಳಿಯಿಂದ ಬದುಕಿ ಉಳಿದ ಬ್ಯಾಕ್ಟೀರಿಯಾ ಆ ವೈರಸ್ಸಿನ ಒಂದು ತುಣುಕನ್ನು ತನ್ನ ಡಿಎನ್‌ಎಯಲ್ಲೇ ಸೇರಿಸಿಟ್ಟುಕೊಳ್ಳುತ್ತದೆ. ಅದೇ ವೈರಸ್ ಮತ್ತೆ ಬಂದರೆ ತುಣುಕಿನ ಜೊತೆ ತಾಳೆ ನೋಡಿ ಕತ್ತರಿಸಿ ಹಾಕುತ್ತದೆ. ಆ ನೆನಪು ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ. ಈ ಕತ್ತರಿಯನ್ನೇ ವಂಶವಾಹಿ ತಿದ್ದುವ ಒಂದು ಸಾಧನ ಮಾಡಿಕೊಂಡದ್ದಕ್ಕೆ ವಿಜ್ಞಾನಿಗಳಾದ ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಮನುಷ್ಯರ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತ ಪುಡಿ, ಟಾನಿಕ್ ಮಾರುವವರನ್ನು ನಂಬಿ ದುಡ್ಡು ಕಳೆಯಬೇಡಿ. ಆ ದುಡ್ಡಿಗೆ ಗದ್ದೆ ಕೆಲಸದವರಿಗೆ ಗಂಬೂಟು ಕೊಡಿಸಿ. ಇಲಿ ಜ್ವರದ ದಾರಿ ಇಲಿಯ ಮೂತ್ರ ಸೇರಿದ ನೀರು. ಕಾಲಿನ ಗಾಯ, ಬಿರುಕಿನಿಂದ ಅದು ಒಳಗೆ ಹೋಗುತ್ತದೆ. ನಾಟಿ ಕಾಲದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಸುಮ್ನೆ ಮನೆಯಲ್ಲಿ ಮಲಗಬೇಡಿ. ಗದ್ದೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಕೊನೆಗೆ, ಹಳೆ ಗಿಡ ಕೀಳಬೇಕೇ? ಬೇಡ. ಎಸ್.795ರ ರುಚಿಗೆ ಇಂದಿಗೂ ಬೆಲೆ ಇದೆ. ಅಷ್ಟೂ ಕಿತ್ತು ಇಡೀ ತೋಟಕ್ಕೆ ಒಂದೇ ತಳಿ ಹಾಕಿದರೆ, ತುಕ್ಕು ಆ ಒಂದು ಗುರುತು ತಪ್ಪಿಸಿಕೊಳ್ಳುವುದನ್ನು ಕಲಿತ ದಿನ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಕಾಫಿಯ ಕಾವೇರಿ ತಳಿಯನ್ನು ನಂಬಿ ತೋಟ ತುಂಬಿಸಿದವರು ಇದನ್ನು ಕಂಡಿದ್ದಾರೆ. ಈಗಿರುವ ಹಾಗೆ ಎರಡೂ ಬೆರೆತಿರಲಿ. ಮರಗಸಿ ಮಾಡಿ, ಅಂದರೆ ನೆರಳು ಮರಗಳ ಕೊಂಬೆ ಸವರಿ, ಗಾಳಿ ಬೆಳಕು ಬಿಡಿ, ಎಲೆ ಬೇಗ ಒಣಗುತ್ತದೆ. ಹಳೆ ಗಿಡಗಳಿಗೆ ಮುಂಗಾರಿಗೆ ಮೊದಲು ಒಮ್ಮೆ, ಸೆಪ್ಟೆಂಬರ್ ಹೊತ್ತಿಗೆ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಸಿ. 200 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೋರ್ಡೋ ಕಣ ಮೊಳೆಯದ ಹಾಗೆ ತಡೆಯುತ್ತದೆ, ಒಳಗೆ ಹೋದದ್ದಕ್ಕೆ ಮದ್ದಲ್ಲ. ಕಲೆ ಕಂಡ ಮೇಲೆ ಓಡಾಡಿದರೆ ತಡವಾಯಿತು ಅಂತಲೇ ಲೆಕ್ಕ. ಹೊಡೆಯುವ ಮೊದಲು ಹೊಳಪಿನ ಕಬ್ಬಿಣದ ಚಾಕು ಒಂದನ್ನು ದ್ರಾವಣದಲ್ಲಿ ಅದ್ದಿ ನೋಡಿ. ಅದಕ್ಕೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಹೊಡೆಯುವವರಿಗೆ ನಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯಲು ಹೇಳಿ, ಮದ್ದು ಎಲೆಯ ಅಡಿಗೆ ಬೀಳಬೇಕು. ಅನುಮಾನ ಇದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಎರಡೂ ತಳಿಯ ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ತೋರಿಸಿ. ಮೊಮ್ಮಗಳನ್ನೂ ಕರೆದುಕೊಂಡು ಹೋಗಿ.